ಹಾಲ್ ಟಿಕೆಟ್ ಕೊಡಲೊಲ್ಲದ ಪ್ರಿಂಟರ್ ಮಹಾಶಯರಿಗೆ

ಆಲ್ದೂರಿನ ನಮ್ಮ ಓದುಮನೆಯ ಮರದ ಮೇಜಿನ ಮೇಲೆ, ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಮೂಲೆಯನ್ನೇ ಆರಿಸಿಕೊಂಡು ವಿರಾಜಮಾನರಾಗಿರುವ ಪ್ರಿಂಟರ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾಗಿ, ಸದ್ಯ ಇದೇ ಓದುಮನೆಯ ಮೇಲ್ವಿಚಾರಕಿಯೂ ಕಸ ಗುಡಿಸುವವಳೂ ಆಗಿರುವ ಗಿರಿಜಾಂಬಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದಲ್ಲದೆ ಬೇರೆ ದಾರಿಯಿಲ್ಲ, ಏಕೆಂದರೆ ತಾವು ಕ್ಷೇಮವೋ ಅಲ್ಲವೋ ಎಂದು ತಿಳಿಯುವ ಯಾವ ಉಪಾಯವನ್ನೂ ತಾವು ನಮಗೆ ಉಳಿಸಿಲ್ಲ. ತಮ್ಮ ಹಸಿರು ದೀಪ ಕೆಲಸ ಮಾಡುವಾಗಲೂ ಉರಿಯುತ್ತದೆ, ಮಾಡದಿರುವಾಗಲೂ ಅಷ್ಟೇ ಪ್ರಸನ್ನವಾಗಿ ಉರಿಯುತ್ತದೆ. ಮೂವತ್ತೊಂದು ವರ್ಷದಲ್ಲಿ ಉತ್ತರ ಗೊತ್ತಿಲ್ಲದ ಸಾವಿರಾರು ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು ನಾನು; ಕೆಲವರು ತಲೆ ಕೆರೆದರು, ಕೆಲವರು ಕಿಟಕಿ ನೋಡಿದರು, ಒಬ್ಬ ಮೂರ್ಛೆ ಹೋದಂತೆ ನಟಿಸಿದ. ಆದರೆ ಏನನ್ನೂ ಹೇಳದೆ ಹಲ್ಲು ಕಿರಿದು ಕೂರುವ ಧೈರ್ಯ ತಮ್ಮೊಬ್ಬರಲ್ಲಿ ಮಾತ್ರ ಕಂಡೆ. ಅದನ್ನು ಮೆಚ್ಚಿಕೊಳ್ಳುವುದಕ್ಕಾಗಿಯೇ ಈ ಪತ್ರವನ್ನು ಬರೆದು, ಊರವರೆಲ್ಲ ಓದಲೆಂದು ಓದುಮನೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಕಳೆದ ಏಪ್ರಿಲ್ ಇಪ್ಪತ್ಮೂರನೆಯ ತಾರೀಖಿನ ಬೆಳಗ್ಗೆ ನಡೆದದ್ದು ತಮಗೆ ನೆನಪಿರಲಾರದು. ಅಂದು ಮೇಜಿನ ಸುತ್ತ ನಿಂತಿದ್ದವರಿಗೆ ಮಾತ್ರ ಅದು ಜನ್ಮಕ್ಕೆ ಸಾಕಾಗುವಷ್ಟು ನೆನಪಿದೆ.

ತುಂಗಮ್ಮನವರನ್ನು ತಾವು ಬಲ್ಲಿರಿ. ಐವತ್ತೆರಡು ವರ್ಷದ ಹೆಂಗಸು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಸಂಜೆ ಐದಕ್ಕೆ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತಮ್ಮ ಎದುರಿನ ಬೆಂಚಿನಲ್ಲಿ ಕೂತು ಎರಡು ವರ್ಷ ಪಾಠ ಓದಿದವರು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅವರು, ಹದಿನೆಂಟು ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ದಿನ ಬೆಳಗ್ಗೆ ಮೊಸರನ್ನ ಕಲಸಿ ಕೊಟ್ಟು ಕಳಿಸಿದ್ದಾರೆ. ಎರಡು ವರ್ಷದ ಹಿಂದೆ ಒಂದು ದಿನ ನನ್ನ ಬಳಿ ಬಂದು, "ಟೀಚರೇ, ಒಳಗೆ ಹೋಗುವಾಗ ಮಕ್ಕಳ ಮುಖ ಒಂಥರಾ ಇರ್ತದೆ, ಹೊರಗೆ ಬರುವಾಗ ಇನ್ನೊಂಥರಾ. ಒಳಗೆ ಅಂಥದ್ದು ಎಂತ ಕೇಳ್ತಾರೆ ಅಂತ ನಂಗೂ ಒಂದ್ಸಲ ನೋಡ್ಬೇಕು" ಎಂದರು. ಅಷ್ಟೇ ಕಾರಣ. ಬಡ್ತಿಯಿಲ್ಲ, ಬಿರುದಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ಹೇಳಿ ಓದಲು ಬಂದವರನ್ನು ನಾನು ನೋಡಿಲ್ಲ. ನಮ್ಮ ಓದುಮನೆಯೇ ಕಲಿಕಾ ಕೇಂದ್ರವಾಗಿರುವ ಮುಕ್ತ ಶಾಲೆಯ ಹತ್ತನೆಯ ತರಗತಿಗೆ ಅವರ ಹೆಸರು ಬರೆಸಿದೆ.

ಇಲ್ಲಿ ನನ್ನ ಒಂದು ತಪ್ಪೊಪ್ಪಿಗೆ ಇದೆ. ಎದುರಾಳಿಯ ತಪ್ಪು ಬರೆಯುವಾಗ ತನ್ನದನ್ನು ಮುಚ್ಚಿಡಬಾರದೆಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಪರೀಕ್ಷೆಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿದವಳು ನಾನು. ಅಭ್ಯರ್ಥಿಯ ಫೋಟೋ ಹಾಕುವ ಜಾಗದಲ್ಲಿ, ಕನ್ನಡಕ ತೆಗೆದಿಟ್ಟಿದ್ದ ಕಾರಣ, ತುಂಗಮ್ಮನವರ ಫೋಟೋ ಬದಲು ನನ್ನದನ್ನು ಹಾಕಿದವಳೂ ನಾನೇ. ಹಾಲ್ ಟಿಕೆಟ್ ಬಂದಾಗ ಅದರಲ್ಲಿ ತುಂಗಮ್ಮ ಎಂಬ ಹೆಸರಿನ ಕೆಳಗೆ ನಾನು ರೇಷ್ಮೆ ಸೀರೆಯುಟ್ಟು ಮುಗುಳ್ನಗುತ್ತಿದ್ದೆ. ನಾನು ತಲೆಗೆ ಕೈ ಹೊತ್ತು ಕೂತೆ. ತುಂಗಮ್ಮನವರು ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ಗಣಿತ ನೀವೇ ಬರ್ದುಬಿಡಿ ಟೀಚರೇ, ಕನ್ನಡ ನಾನು ನೋಡ್ಕೊಳ್ತೇನೆ" ಎಂದರು.

ಫೋಟೋ ಬದಲಿಸಿಕೊಡಿ ಎಂದು ನಾನು ಬರೆದದ್ದಕ್ಕೆ ಪರೀಕ್ಷಾ ಕಚೇರಿಯವರು ಪಾಪ ಒಪ್ಪಿಕೊಂಡು, ತಿದ್ದಿದ ಹಾಲ್ ಟಿಕೆಟನ್ನು ಮಿಂಚಂಚೆಯಲ್ಲಿ ಕಳಿಸಿದರು. ಅದು ಬಂದು ತಲುಪಿದ್ದು ಕನ್ನಡ ಪರೀಕ್ಷೆಯ ದಿನವೇ, ಬೆಳಗ್ಗೆ ಏಳೂವರೆಗೆ. ಪರೀಕ್ಷೆ ಇದ್ದದ್ದು ಚಿಕ್ಕಮಗಳೂರಿನಲ್ಲಿ, ಹತ್ತೂವರೆಗೆ. ಹತ್ತೂಕಾಲಿಗೆ ಗೇಟು ಹಾಕುತ್ತಾರೆ. ಮೊಬೈಲಿನಲ್ಲಿ ತೋರಿಸಿದರೆ ನಡೆಯದು. ಕಾಗದದ ಮೇಲೆ ಅಚ್ಚಾಗಿ, ಅದಕ್ಕೆ ಕಲಿಕಾ ಕೇಂದ್ರದವಳಾದ ನನ್ನ ಸಹಿಯೂ ಮೊಹರೂ ಬೀಳಬೇಕು. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಪ್ರೇಮಲತಾ ಅಂಗಡಿಗೆ ಬೀಗ ಹಾಕಿ ಸಂಸೆಗೆ ಗೃಹಪ್ರವೇಶಕ್ಕೆ ಹೋಗಿದ್ದಳು. ಚಿಕ್ಕಮಗಳೂರಿನಲ್ಲಿ ಪರೀಕ್ಷಾ ಕೇಂದ್ರದ ಸುತ್ತಿನ ಝೆರಾಕ್ಸ್ ಅಂಗಡಿಗಳನ್ನು ನಕಲು ಆಗದಿರಲೆಂದು ಅಂದು ಮುಚ್ಚಿಸಿರುತ್ತಾರೆ. ದೂರದವು ತೆರೆಯುವುದು ಹತ್ತರ ಮೇಲೆ. ಹೀಗೆ ಈ ಭೂಮಂಡಲದಲ್ಲಿ ತುಂಗಮ್ಮನವರಿಗೂ ಪರೀಕ್ಷೆಗೂ ನಡುವೆ ಉಳಿದಿದ್ದ ಏಕೈಕ ಸೇತುವೆ ತಾವು. ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು.

ತುಂಗಮ್ಮನವರು ಎಂಟು ಗಂಟೆಗೆ, ಹಸಿರು ಸೀರೆಯುಟ್ಟು, ಎರಡು ಪೆನ್ನು ಹಿಡಿದು ಬಂದರು. ಹಿಂದಿನ ವಾರ ಹೂಮಳೆ ಚೆನ್ನಾಗಿ ಬಿದ್ದಿತ್ತು. ಊರ ಸುತ್ತ ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ, ಆ ಘಮ ಓದುಮನೆಯ ಒಳಗೂ ತುಂಬಿ, ಎಲ್ಲರಿಗೂ ಕಾರಣವಿಲ್ಲದೆ ನಗು ಬರುವಂತಿತ್ತು. ಹೊರಗೆ ಬೊಮ್ಮಯ್ಯನವರು ಜೀಪು ನಿಲ್ಲಿಸಿಕೊಂಡು ಒಂಬತ್ತು ಗಂಟೆಗೆ ಹೊರಡಲು ಸಿದ್ಧರಾಗಿದ್ದರು. ನಾನು ಹಾಲ್ ಟಿಕೆಟ್ ತೆರೆದು ಪ್ರಿಂಟ್ ಒತ್ತಿದೆ. ಕಂಪ್ಯೂಟರು "ಕಳಿಸಲಾಗಿದೆ" ಎಂದಿತು. ತಾವು ಹಸಿರು ದೀಪ ಬೆಳಗಿದಿರಿ. ನಾವೆಲ್ಲ ಕೈಕಟ್ಟಿ ನಿಂತೆವು, ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಹಾಗೆ. ಪ್ರಸಾದ ಬರಲಿಲ್ಲ.

ಮತ್ತೊಮ್ಮೆ ಒತ್ತಿದೆ. ಮಗದೊಮ್ಮೆ ಒತ್ತಿದೆ. ಒಟ್ಟು ಹತ್ತೊಂಬತ್ತು ಸಲ ಒತ್ತಿದೆನೆಂದು ಆಮೇಲೆ ಲೆಕ್ಕ ಸಿಕ್ಕಿತು.

ಆಗ ನನ್ನ ಯಜಮಾನರಾದ ಷಡಕ್ಷರಿಯವರ ಪ್ರವೇಶವಾಯಿತು. ಅವರದು ಪಕ್ಕದಲ್ಲೇ ಹಾರ್ಡ್‌ವೇರ್ ಅಂಗಡಿ. ಕೆಟ್ಟುಹೋದ ಯಾವ ವಸ್ತುವನ್ನೂ ಒಮ್ಮೆ ತಟ್ಟಿ ನೋಡದೆ ಅವರು ಬಿಟ್ಟವರಲ್ಲ. ತಮ್ಮನ್ನು ಮಾತ್ರ ಅಂದು ತಟ್ಟಲಿಲ್ಲ. ಎರಡು ಮಾರು ದೂರ ನಿಂತು, ಅಂಗಡಿಯಿಂದ ಹೊಸ ಕೇಬಲ್ ತಂದುಕೊಟ್ಟು, ಎಂದೂ ಇಲ್ಲದ ವಿನಯದಿಂದ, "ಪಾಪ, ಅದಕ್ಕೆ ಸುಸ್ತಾಗಿರ್ಬೇಕು ಮಾರಾಯ್ತಿ, ಬಿಡು, ಬೇರೆ ಕಡೆ ನೋಡೋಣ" ಎಂದರು. ಆ ವಿನಯವನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೊಸ ಕೇಬಲ್ ಹಾಕಿದೆ. ತಾವು ಅದನ್ನೂ ಹಳೆಯದರಷ್ಟೇ ನಿರ್ಲಿಪ್ತರಾಗಿ ಸ್ವೀಕರಿಸಿದಿರಿ.

ನಮ್ಮ ಓದುಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಶಿಕ್ಷಕರ ತರಬೇತಿಯಲ್ಲಿ ಕಲಿತದ್ದು. ಆ ವ್ಯವಸ್ಥೆಯಲ್ಲಿ ಒಂದು ಕಪ್ಪು ಕಿಟಕಿ ತೆರೆದು, ಚಿಕ್ಕ ಚಿಕ್ಕ ಆಜ್ಞೆಗಳನ್ನು ಬೆರಳಚ್ಚಿಸಿ, ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹಾಜರಿ ತೆಗೆದುಕೊಳ್ಳಬಹುದು. ಮೇಷ್ಟ್ರುಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಮೊದಲು 'ಎಲ್ ಎಸ್ ಯು ಎಸ್ ಬಿ' ಎಂಬ ಐದಕ್ಷರದ ಆಜ್ಞೆ ಕೊಟ್ಟೆ. ಯುಎಸ್‌ಬಿ ತಂತಿಯಲ್ಲಿ ಜೋಡಿಸಿದವರೆಲ್ಲ ಎದ್ದು ನಿಂತು ಹೆಸರು ಹೇಳಬೇಕು. ಮೌಸು ಹೇಳಿತು, ಕೀಲಿಮಣೆ ಹೇಳಿತು, ತಾವೂ ಹೇಳಿದಿರಿ: ಬಸ್ ಒಂದು, ಡಿವೈಸ್ ನಾಲ್ಕು. ನಾನು ಅದನ್ನು ಗಟ್ಟಿಯಾಗಿ ಓದಿದೆ. ತುಂಗಮ್ಮನವರು ಗಾಬರಿಯಾಗಿ, "ಬಸ್ಸಾ? ಬಸ್ ಎಂತಕ್ಕೆ ಟೀಚರೇ, ಬೊಮ್ಮಯ್ಯನ ಜೀಪು ಇದ್ಯಲ್ಲ?" ಎಂದರು.

ಹಾಜರಿ ಇದೆ, ಕೆಲಸ ಇಲ್ಲ. ಅಂದರೆ ತಂತಿ ಸರಿಯಿದೆ, ತೊಂದರೆ ಮೇಲಿದೆ ಎಂದು ತೀರ್ಮಾನಿಸಿ, ಅಚ್ಚಿನ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ತಮಗೆ ಒಪ್ಪಿಸುವ 'ಕಪ್ಸ್' ಎಂಬ ಗುಮಾಸ್ತನನ್ನು ವಿಚಾರಿಸಿದೆ. ಅವನು, "ಪ್ರಿಂಟರ್ ಸಿಗುವುದನ್ನೇ ಕಾಯುತ್ತಿದ್ದೇನೆ" ಎಂದು ಬರೆದ. ಎದುರಿಗೆ ಕೂತಿರುವವರನ್ನು ಕಾಯುವುದೇ? ಅವನನ್ನು ಎಬ್ಬಿಸಿ ಮತ್ತೆ ಕೂರಿಸಬೇಕೆಂದು, "ಈ ಕಪ್ಸ್ ಒಂದ್ಸಲ ಹೊಸದಾಗಿ ಆಗ್ಬೇಕು" ಎಂದು ಗೊಣಗಿದೆ. ಅದು ಹೊರಗಿದ್ದ ಬೊಮ್ಮಯ್ಯನವರ ಕಿವಿಗೆ ಬಿದ್ದು, ಐದು ನಿಮಿಷದಲ್ಲಿ ಎದುರಿನ ಹೋಟೆಲಿನಿಂದ ನಾಲ್ಕು ಕಪ್ಪು ಕಾಫಿ ಬಂತು. ಕುಡಿದೆವು. ತಾವು ಕಾಯುತ್ತಲೇ ಇದ್ದಿರಿ, ಗುಮಾಸ್ತ ಕಾಯುತ್ತಲೇ ಇದ್ದ, ಗಡಿಯಾರ ಮಾತ್ರ ಯಾರನ್ನೂ ಕಾಯಲಿಲ್ಲ.

ಎಂಟೂ ನಲವತ್ತು. ಬೊಮ್ಮಯ್ಯನವರು ಒಳಗೆ ಬಂದು ತಮ್ಮನ್ನು ಸುತ್ತು ಹಾಕಿ ನೋಡಿದರು. "ನಮ್ಮ ಜೀಪು ಹಿಂಗೇ ಮಾಡ್ತದೆ ಟೀಚರಮ್ಮ. ಸ್ವಲ್ಪ ಇಳಿಜಾರಿಗೆ ತಳ್ಳಿದ್ರೆ ಸ್ಟಾರ್ಟ್ ಆಗ್ತದೆ. ಇದನ್ನೂ ತಳ್ಳುವ?" ಎಂದು ಬಹಳ ಸಜ್ಜನಿಕೆಯಿಂದ ಕೇಳಿದರು. ಆ ಕ್ಷಣಕ್ಕೆ ತಮ್ಮನ್ನು ಬಾಗಿಲಿನಿಂದ ಆಚೆಗೆ ತಳ್ಳುವುದಕ್ಕೆ ನನ್ನ ಅಭ್ಯಂತರ ಇರಲಿಲ್ಲ. ತುಂಗಮ್ಮನವರು ಬೆಂಚಿನಲ್ಲಿ ಕೂತು ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ, "ಇರ್ಲಿ ಬಿಡಿ ಟೀಚರೇ, ಆರು ತಿಂಗಳು ಎಂತ ದೊಡ್ಡದಲ್ಲ. ಪಾಠ ಇನ್ನೊಂದ್ಸಲ ಓದಿದ ಹಾಗೆ ಆಗ್ತದೆ" ಎಂದರು. ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ತಪ್ಪು ಫೋಟೋ ಹಾಕಿದವಳನ್ನು, ಅದರಿಂದ ತೊಂದರೆಗೆ ಸಿಕ್ಕವರು ಸಮಾಧಾನ ಮಾಡುತ್ತಿದ್ದರು. ನನ್ನ ಕಣ್ಣಿಗೆ ನೀರು ಬಂತೆಂದೂ, ಅದನ್ನು ಯಾರಿಗೂ ಕಾಣದಂತೆ ಒರೆಸಿಕೊಳ್ಳಲು ತಮ್ಮ ಹಿಂಬದಿಯ ತಂತಿ ನೋಡುವ ನೆಪದಲ್ಲಿ ಬಗ್ಗಿದೆನೆಂದೂ ತಮಗೊಬ್ಬರಿಗೇ ಗೊತ್ತು. ಈಗ ಊರಿಗೂ ಗೊತ್ತಾಯಿತು.

ಬಗ್ಗಿದಾಗ ತಮ್ಮ ಬೆನ್ನಿನ ಮೇಲೆ ಅಂಟಿಸಿದ್ದ ಕ್ರಮಸಂಖ್ಯೆ ಕಂಡಿತು. ಕೊನೆಯ ನಾಲ್ಕು ಅಂಕೆ 4471. ಎದ್ದು ಕಪ್ಪು ಕಿಟಕಿಯಲ್ಲಿ, ಗುಮಾಸ್ತನು ಯಾವ ಪ್ರಿಂಟರಿಗಾಗಿ ಕಾಯುತ್ತಿದ್ದಾನೆಂದು ಕೇಳಿದೆ. ಅವನು ಕೊಟ್ಟ ವಿಳಾಸದ ಕೊನೆಯಲ್ಲಿ 2093 ಎಂದಿತ್ತು. ಕಣ್ಣುಜ್ಜಿ ಮತ್ತೆ ನೋಡಿದೆ. ಮಾದರಿ ಅದೇ, ಬಣ್ಣ ಅದೇ, ಹೆಸರು ಅದೇ, ಸಂಖ್ಯೆ ಬೇರೆ. ಸಾಲಿನಲ್ಲಿ ನಿಂತಿರುವ ಕೆಲಸಗಳ ಪಟ್ಟಿ ಕೇಳಿದೆ. ನನ್ನ ಹತ್ತೊಂಬತ್ತು ಹಾಲ್ ಟಿಕೆಟುಗಳ ಮುಂದೆ, ಎಲ್ಲಕ್ಕಿಂತ ಮೊದಲು, ಒಂದು ಅಪರಿಚಿತ ಕೆಲಸ ನಿಂತಿತ್ತು. ಕೊಟ್ಟ ದಿನ: ಏಪ್ರಿಲ್ ಒಂಬತ್ತು. ಕೊಟ್ಟವರು: ಷಡಕ್ಷರಿ.

ಏಪ್ರಿಲ್ ಒಂಬತ್ತರಂದು ನಾನು ಕಳಸದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದೆ, ಮಾನ್ಯರೇ. ಮೂರು ದಿನ.

"ರೀ" ಎಂದೆ. ಯಜಮಾನರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಬೊಮ್ಮಯ್ಯನವರಿದ್ದರು. ಕಿಟಕಿಯ ಕಡೆ ನೋಡಿದರು. ಕಿಟಕಿಗೆ ಸರಳುಗಳಿದ್ದವು, ಅವೂ ಅವರದೇ ಅಂಗಡಿಯವು.

"ಬಿದ್ದುಹೋಯ್ತು ಮಾರಾಯ್ತಿ" ಎಂದರು.

"ಯಾವುದು?"

"ಹಳೇದು. ನೀನು ಕಳಸಕ್ಕೆ ಹೋದಾಗ ಧೂಳು ಹೊಡೆದು ಇಡುವ ಅಂತ ಅಂಗಡಿಗೆ ತಗೊಂಡೋಗಿ ಬ್ಲೋವರ್ ಹಿಡ್ದೆ. ಏಣಿ ಮೇಲೆ ಇಟ್ಟಿದ್ದೆ. ಗಾಳಿ ಜೋರಾಯ್ತು. ಚಿಕ್ಕಮಗಳೂರಿಗೆ ಹೋಗಿ ಅದೇ ತರದ್ದು ಹುಡುಕಿ ತಂದಿಟ್ಟೆ. ಹೇಳುವ ಅಂತಲೇ ಇದ್ದೆ. ನಿಂಗೆ ಪರೀಕ್ಷೆ ಗಲಾಟೆ..."

"ಹಣೆ ಮೇಲೆ ವಿಭೂತಿ ಇತ್ತಲ್ಲ? ಆಯುಧಪೂಜೆಗೆ ನಾನು ಹಚ್ಚಿದ್ದು?"

"ಅದನ್ನೂ ಹಚ್ಚಿದೆ" ಎಂದು ತಲೆ ತಗ್ಗಿಸಿದರು.

ತಮ್ಮ ಮುಖವನ್ನು ಆಗ ದಿಟ್ಟಿಸಿ ನೋಡಿದೆ. ಮೂರು ಪಟ್ಟೆಯೂ ಇತ್ತು. ನನ್ನ ಬೆರಳಿಗಿಂತ ಒಂದೂವರೆ ಪಟ್ಟು ದಪ್ಪ ಇತ್ತು. ಕಳಸದಿಂದ ಬಂದ ಮೇಲೆ ಅಷ್ಟೂ ದಿನ ನಾನು ಎದುರಿಗೆ ಕೂತು ಪಾಠ ಮಾಡಿದ್ದೆ, ತಾವು ಹಳಬರೆಂದೇ ನಂಬಿ ದಿನಾ ಧೂಳು ಒರೆಸಿದ್ದೆ. ಗೊತ್ತಾಗಲಿಲ್ಲ. ಗುಮಾಸ್ತನಿಗೆ ಒಂದೇ ನೋಟಕ್ಕೆ ಗೊತ್ತಾಗಿತ್ತು. ವೇಷಕ್ಕೆ ಮರುಳಾಗದೆ, ತೀರಿಹೋದ ತನ್ನ 2093 ಬಂದೇ ಬರುತ್ತದೆಂದು ಹದಿನಾಲ್ಕು ದಿನ ಬಾಗಿಲು ಕಾದಿದ್ದ. ತುಂಗಮ್ಮನವರು ನನ್ನನ್ನೂ ಯಜಮಾನರನ್ನೂ ತಮ್ಮನ್ನೂ ಒಂದು ಸುತ್ತು ನೋಡಿ ನಗಲು ಶುರುಮಾಡಿದರು. ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಬೊಮ್ಮಯ್ಯನವರು ನಕ್ಕರು. ಬೈಯಬೇಕೆಂದು ಬಾಯಿ ತೆರೆದವಳು ನಾನೂ ನಕ್ಕೆ. ನಗದೆ ಉಳಿದವರು ಯಜಮಾನರು ಮತ್ತು ತಾವು.

ರೋಗ ತಿಳಿದ ಮೇಲೆ ಮದ್ದು ಒಂದೇ ಸಾಲಿನದು. ಹಳೆಯ ವಿಳಾಸ ತೆಗೆದು ತಮ್ಮ ವಿಳಾಸ ಬರೆದರೆ ಆಯಿತು. ಅವಸರದಲ್ಲಿ ಗುಪ್ತಪದವನ್ನು ಎರಡು ಸಲ ತಪ್ಪು ಹೊಡೆದೆ, ಮೂರನೆಯ ಸಲ ಸರಿಹೋಯಿತು. ಗಂಟೆ ಒಂಬತ್ತೂ ಐದು. ತಮ್ಮ ಹೊಟ್ಟೆಯೊಳಗೆ ಗರಗರ ಸದ್ದಾಯಿತು. ಎಂಥ ಸಂಗೀತ ಮಾನ್ಯರೇ! ಕಾಗದ ಒಳಗೆ ಹೋಯಿತು. ನಾಲ್ಕು ತಲೆಗಳು ತಮ್ಮ ಮೇಲೆ ಬಗ್ಗಿದವು. ಹೊರಗೆ ಬರತೊಡಗಿದ್ದು ಕಳೆ ಹೊಡೆಯುವ ಯಂತ್ರದ ಬಣ್ಣದ ಚಿತ್ರ.

ಯಜಮಾನರು ಅಂದು ತಮ್ಮನ್ನು ಪರೀಕ್ಷಿಸಲೆಂದು ಕೊಟ್ಟಿದ್ದ ಅಂಗಡಿಯ ಜಾಹೀರಾತು! ಸಾಲಿನಲ್ಲಿ ಮೊದಲು ನಿಂತದ್ದು ಅದೇ ತಾನೇ? ತಾವು ನ್ಯಾಯಪಾಲಕರು, ಸರದಿ ತಪ್ಪಿಸಲಿಲ್ಲ. ಅದನ್ನು ರದ್ದು ಮಾಡುವುದು ನನಗೆ ಗೊತ್ತಿತ್ತು, ಆದರೆ ಕೆಲಸ ಮಾಡುತ್ತಿರುವ ತಮ್ಮನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಗಿಡದ ಹಸಿರು, ಯಂತ್ರದ ಕಿತ್ತಳೆ, ಬೂಟಿನ ಕಪ್ಪು, ಒಂದೊಂದು ಬಣ್ಣವನ್ನೂ ತಾವು ಚಿತ್ರಕಾರರ ತಾಳ್ಮೆಯಿಂದ ತುಂಬಿದಿರಿ. ಆರು ನಿಮಿಷ! ಕೊನೆಗೆ ಅಕ್ಷರಗಳು ಬಂದವು. ತುಂಗಮ್ಮನವರು ಒಂದೊಂದಾಗಿ ಗಟ್ಟಿಯಾಗಿ ಓದಿದರು: "ಕಳೆ ಹೊಡೆಯುವ ಯಂತ್ರದ ಅರಿತವಾದ ಬ್ಲೇಡುಗಳು ಬಂದಿವೆ." ಓದಿ, ಹುಬ್ಬು ಗಂಟಿಕ್ಕಿ, ಬೆರಳಿಟ್ಟು, "ಟೀಚರೇ, ಇದು ಹರಿತ ಅಲ್ವಾ? ಹ ಬರ್ಬೇಕು. ಅರಿತ ಅಂದ್ರೆ ಎಲ್ಲಾ ತಿಳ್ಕೊಂಡಿರೋದು. ಬ್ಲೇಡಿಗೆ ಎಂತ ತಿಳೀತದೆ?" ಎಂದರು.

ಯಜಮಾನರ ಮುಖ ಕೆಂಪಗಾಯಿತು. ನನಗೆ ಮಾತ್ರ, ಹಾಲ್ ಟಿಕೆಟ್ ಇನ್ನೂ ಬಾರದಿದ್ದರೂ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇವರು ಪಾಸಾಗುತ್ತಾರೆ ಎಂದು ನನಗೆ ಗಟ್ಟಿಯಾದದ್ದು ಆ ಒಂದು ಹಕಾರದಲ್ಲಿ.

ಆಮೇಲೆ ತಾವು ಹಿಂದೆ ಮುಂದೆ ನೋಡಲಿಲ್ಲ. ಹಾಲ್ ಟಿಕೆಟ್ ಬಂತು, ನಾವು ಕೂಗಿದೆವು. ಇನ್ನೊಂದು ಬಂತು. ಮತ್ತೊಂದು. ನಾನು ಸಹಿ ಹಾಕಿ ಮೊಹರು ಒತ್ತುವಷ್ಟರಲ್ಲಿ ಮೇಜಿನ ಮೇಲೆ, ಬೆಂಚಿನ ಕೆಳಗೆ, ಎಲ್ಲೆಲ್ಲೂ ತುಂಗಮ್ಮನವರ ಮುಖವೇ ಹಾರಾಡುತ್ತಿತ್ತು. ಹತ್ತೊಂಬತ್ತನ್ನೂ ಅವರು ಆರಿಸಿ, ತಟ್ಟಿ ಜೋಡಿಸಿ ಚೀಲಕ್ಕೆ ಹಾಕಿಕೊಂಡರು. ಒಂಬತ್ತೂ ಇಪ್ಪತ್ತಕ್ಕೆ ಜೀಪು ಹೊರಟಿತು. ಅದನ್ನು ತಳ್ಳಿದವರು ನಾನೂ ಯಜಮಾನರೂ. ಬೊಮ್ಮಯ್ಯನವರು ತಿರುವುಗಳಲ್ಲಿ ಹಾರ್ನ್ ಬಿಟ್ಟು ಬೇರೇನನ್ನೂ ಒತ್ತಲಿಲ್ಲವೆಂದು ನನ್ನ ನಂಬಿಕೆ. ಎರಡೂ ಬದಿಯಲ್ಲಿ ಬೆಳ್ಳಗೆ ಅರಳಿ ನಿಂತ ತೋಟಗಳನ್ನು ನೋಡಲು ಕಣ್ಣು ತೆರೆಯಬೇಕಿತ್ತು, ನಾನು ತೆರೆಯಲಿಲ್ಲ. ತುಂಗಮ್ಮನವರು ಸಂಧಿಗಳನ್ನು ಹೇಳಿಕೊಳ್ಳುತ್ತಿದ್ದರು. ಪ್ರತಿ ಗುಂಡಿಗೂ ಒಂದೊಂದು ಸಂಧಿ ಬಿಡಿಸಿಕೊಳ್ಳುತ್ತಿತ್ತು.

ಹತ್ತೂ ಎಂಟಕ್ಕೆ ಗೇಟು. ಅಲ್ಲಿ ಮೋನಿಕಾ ಎಂಬ ಮೇಲ್ವಿಚಾರಕರು ಹಾಲ್ ಟಿಕೆಟನ್ನೂ ಮುಖವನ್ನೂ ಹೋಲಿಸಿ ನೋಡಿ, ಚೀಲದಿಂದ ಇಣುಕುತ್ತಿದ್ದ ಉಳಿದ ಹದಿನೆಂಟನ್ನು ಕಂಡು, "ಅಷ್ಟೊಂದು ಯಾಕಮ್ಮ? ಒಂದು ಸಾಕು" ಎಂದರು. "ಇರ್ಲಿ ಮೇಡಂ, ಒಂದಕ್ಕೆ ಎಂತಾದ್ರೂ ಆದ್ರೆ?" ಎಂದು ತುಂಗಮ್ಮನವರು ಒಳಗೆ ಹೋಗಿಯೇಬಿಟ್ಟರು. ಒಳಗೆ ಹೋಗುವಾಗಿನ ಆ ಒಂಥರಾ ಮುಖವನ್ನು ನಾನೂ ನೋಡಿದೆ.

ಮೂರು ಗಂಟೆ ಗೇಟಿನ ಹೊರಗೆ ಕೂತೆವು. ಹೊರಗೆ ಬಂದವರು ಮೊದಲು ನೀರು ಕುಡಿದು, ಆಮೇಲೆ, "ಎಂತ ಇಲ್ಲ ಟೀಚರೇ, ಗೊತ್ತಿರೋದನ್ನೇ ಕೇಳ್ತಾರೆ" ಎಂದರು. ಪತ್ರಲೇಖನ ಯಾವುದು ಬಂದಿತ್ತೆಂದು ಕೇಳಿದೆ. "ನಿಮ್ಮನ್ನು ಹೊಸಹಳ್ಳಿಯ ನಾಗಶ್ರೀ ಎಂದು ಭಾವಿಸಿ, ನಿಮ್ಮೂರಿನ ಒಂದು ತೊಂದರೆ ಬಗ್ಗೆ ದೂರು ಬರೆಯಿರಿ" ಎಂದಿತ್ತಂತೆ.

"ಬರೆದ್ರಾ?"

"ಬರ್ದೆ. ಶಾಲೆ ಅಡುಗೆಮನೆ ಹಿಂದಿನ ನಲ್ಲಿ ಬಗ್ಗೆ. ನಾಗಶ್ರೀ ಅಂತ ಬರೀಲಿಲ್ಲ. ತುಂಗಮ್ಮ, ಆಲ್ದೂರು ಅಂತ ಬರ್ದೆ."

ಉತ್ತರಪತ್ರಿಕೆಯಲ್ಲಿ ಸ್ವಂತ ಹೆಸರು ಬರೆಯಬಾರದು, ಅಂಕ ಹೋಗುತ್ತದೆ ಎಂದು ನೂರು ಸಲ ಹೇಳಿದ್ದೆ. ಅವರು ನನ್ನ ಮುಖ ನೋಡಿ, "ಗೊತ್ತು ಟೀಚರೇ. ಆದ್ರೆ ಹದಿನೆಂಟು ವರ್ಷ ಕಷ್ಟಪಟ್ಟಿದ್ದು ನಾನು. ಹೆಸರು ಮಾತ್ರ ನಾಗಶ್ರೀದಾ?" ಎಂದರು.

ಆ ನಲ್ಲಿಯ ಕತೆ ನನಗೆ ಅಂದೇ ತಿಳಿದದ್ದು. ನಲ್ಲಿ ಗಿಡ್ಡ, ಕೊಡ ಎತ್ತರ. ಕೊಡ ಅದರ ಕೆಳಗೆ ನಿಲ್ಲುವುದಿಲ್ಲ. ಹಾಗಾಗಿ ದಿನಾ ನೂರೈವತ್ತು ಮಕ್ಕಳ ಅಡುಗೆಯ ನೀರನ್ನು ಬಗ್ಗಿ, ಚೊಂಬಿನಲ್ಲಿ ಹಿಡಿದು ಹಿಡಿದು ಕೊಡಕ್ಕೆ ಸುರಿಯುತ್ತಿದ್ದರು. ನಾನು ಅದೇ ನಲ್ಲಿಯಲ್ಲಿ ವರ್ಷಗಟ್ಟಲೆ ಊಟದ ಡಬ್ಬಿ ತೊಳೆದಿದ್ದೇನೆ. ನನ್ನದು ಚಿಕ್ಕ ಡಬ್ಬಿ; ಏನೂ ಅಡ್ಡಿಯಾಗಿರಲಿಲ್ಲ.

ಮರುವಾರ ತುಂಗಮ್ಮನವರು ಅದೇ ಪತ್ರವನ್ನು ಬಿಳಿ ಹಾಳೆಯಲ್ಲಿ ದುಂಡಗೆ ಬರೆದು, 'ಮಾನ್ಯರೇ' ಎಂದು ಶುರುಮಾಡಿ, ಆ ನಲ್ಲಿಯನ್ನು ಕೂರಿಸಿದವರ ಅಂಗಡಿಗೆ ಹೋಗಿ ಕೈಗೇ ಕೊಟ್ಟರು. ಕೂರಿಸಿದವರು ನನ್ನ ಯಜಮಾನರು. ನಿಂತೇ ಓದಿದರು. ಓದಿ ಮುಗಿಸಿ, "ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ ತುಂಗಮ್ಮ?" ಎಂದರು.

"ಹೇಳಿದ್ದೆ ಅಣ್ಣಾ, ಎರಡು ಸಲ. ಗಿಡ್ಡ ಕೊಡ ತಗೋ ಅಂತ ನಗಾಡಿದ್ರಿ."

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಯಜಮಾನರು ಪೈಪು, ಸ್ಪ್ಯಾನರು ಹಿಡಿದು ಶಾಲೆಗೆ ಹೋದರು. ಈಗ ನಲ್ಲಿ ಒಂದೂವರೆ ಮೊಳ ಮೇಲಿದೆ. ಜೂನಿನಲ್ಲಿ ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸು; ಕನ್ನಡದಲ್ಲಿ ಅರವತ್ತಾರು. ಹೆಸರಿಗಾಗಿ ಎಷ್ಟು ಅಂಕ ಕಳೆದರೋ ತಿಳಿಯದು, ತುಂಗಮ್ಮನವರು ಕೇಳಲೂ ಇಲ್ಲ. ಅವರೀಗ ಓದುಮನೆಗೆ ಬರುವ ಹೆಂಗಸರಿಗೆ ದೂರು ಬರೆಯುವುದನ್ನು ಕಲಿಸುತ್ತಿದ್ದಾರೆ. ಬಾಯಲ್ಲಿ ಹೇಳಿದರೆ ನಗುವವರು ಕಾಗದದಲ್ಲಿ ಓದಿದರೆ ನಗುವುದಿಲ್ಲ ಎಂಬುದು ಅವರ ಮೊದಲ ಪಾಠ. ಆ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿ ನಾನು, ಈ ಪತ್ರ ನನ್ನ ಮನೆಗೆಲಸ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಸವಿನಯ ಕೋರಿಕೆಗಳು ಇಂತಿವೆ. ಮುಂದೆ ತಮಗೆ ಅಸಮಾಧಾನವಾದರೆ ದಯವಿಟ್ಟು ಕೆಮ್ಮಿ. ಕೆಮ್ಮಲಾಗದಿದ್ದರೆ ಗೋಡೆಯ ಹಲ್ಲಿಯಂತೆ ಒಂದು ಸಲ ಲೊಚಗುಟ್ಟಿ, ನಾವು ಶಕುನವೆಂದಾದರೂ ಎದ್ದು ನೋಡುತ್ತೇವೆ. ತಾವು ಬೇರೆಯವರ ಜಾಗಕ್ಕೆ ಬಂದವರಾದರೆ ಮೊದಲ ದಿನವೇ ವರ್ಗಾವಣೆ ಪತ್ರ ತೋರಿಸಿ. ರಜೆ ಬೇಕಿದ್ದರೆ ಮೂರು ದಿನ ಮುಂಚಿತವಾಗಿ ಅರ್ಜಿ ಹಾಕಿ. ಪರೀಕ್ಷೆಯ ಬೆಳಗ್ಗೆ ಬಿಟ್ಟು ಮಿಕ್ಕ ಎಲ್ಲ ದಿನವೂ ಮಂಜೂರು ಮಾಡಲು ನಾನು ಬದ್ಧಳು. ಮತ್ತು ಯಾರಾದರೂ ಬ್ಲೋವರ್ ಹಿಡಿದು ತಮ್ಮತ್ತ ಬಂದರೆ, ಅದು ಯಾರೇ ಆಗಿರಲಿ, ಎಷ್ಟೇ ವಿನಯ ತೋರಲಿ, ನಿಸ್ಸಂಕೋಚವಾಗಿ ಕಿರುಚಿಕೊಳ್ಳಿ.

ತಮ್ಮ ಮೌನಕ್ಕೂ ಆಮೇಲಿನ ಅತಿವೃಷ್ಟಿಗೂ ಸಮಾನವಾಗಿ ಋಣಿಯಾಗಿರುವ,

ತಮ್ಮ ವಿಶ್ವಾಸಿ,
ಗಿರಿಜಾಂಬಾ
ಓದುಮನೆ, ಆಲ್ದೂರು

ತಾ.ಕ.: ಈ ಪತ್ರವನ್ನು ಅಚ್ಚು ಮಾಡುವ ಶ್ರಮವನ್ನು ತಮಗೆ ಕೊಟ್ಟಿಲ್ಲ, ಕಾರ್ಬನ್ ಕಾಗದ ಇಟ್ಟು ಕೈಯಲ್ಲೇ ಎರಡು ಪ್ರತಿ ಬರೆದಿದ್ದೇನೆ. ಕಾರ್ಬನ್ ಕಾಗದಕ್ಕೆ ಹಸಿರು ದೀಪವಿಲ್ಲ, ಗುಮಾಸ್ತನಿಲ್ಲ, ಗುಪ್ತಪದವಿಲ್ಲ. ಒತ್ತಿದರೆ ಸಾಕು, ಮೂಡುತ್ತದೆ. ತಮ್ಮ ಮನಸ್ಸು ನೋಯಿಸಲು ಹೇಳಿದ ಮಾತಲ್ಲ, ಆದರೆ ಅದನ್ನು ತಮಗೆ ಕಾಣುವಂತೆ ಮೇಜಿನ ಮೇಲೆಯೇ ಇಟ್ಟಿದ್ದೇನೆ.